ಮೇ ತಿಂಗಳ ಹೊಳೆ, ಆಗಸ್ಟ್ ತಿಂಗಳ ಹೊಳೆ



ಚಿಕ್ಕೋಡಿ ತಾಲೂಕಿನ ಕಲ್ಲೋಳ ಮತ್ತು ಯಡೂರ ಗ್ರಾಮಗಳ ನಡುವೆ ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬಾಂದಾರವಿದೆ. ಬೇಸಿಗೆಗೆ ನೀರು ತಡೆದು ನಿಲ್ಲಿಸುವ ಒಡ್ಡಾಗಿಯೂ, ಜನ ಓಡಾಡುವ ಸೇತುವೆಯಾಗಿಯೂ ಇರುವ ಕಟ್ಟಡಕ್ಕೆ ಆ ಕಡೆಯವರು ಬಾಂದಾರ ಎನ್ನುತ್ತಾರೆ. 2019ರ ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರ ಈ ಭಾಗದಲ್ಲಿ ಬತ್ತಿಹೋಗಿತ್ತು. ಅಲ್ಲಲ್ಲಿ ಗುಂಡಿಗಳಲ್ಲಿ ನಿಂತ ಹಸಿರು ನೀರು, ಬಾಯ್ದೆರೆದ ಪಂಪುಸೆಟ್ಟಿನ ಕೊಳವೆಗಳು, ಕೊಡ ಹಿಡಿದ ಹೆಂಗಸರು. ಅದೇ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಬಾಂದಾರ ಎಲ್ಲಿದೆ ಎಂದು ಹೇಳುವುದಕ್ಕೂ ಗುರುತಿರಲಿಲ್ಲ. ಎರಡೂ ದಡಗಳ ಕಬ್ಬಿನ ಗದ್ದೆಗಳನ್ನು ಸೇರಿಸಿಕೊಂಡು ಕಂದು ಬಣ್ಣದ ಒಂದೇ ನೀರು. ನಡುವೆ ಕಳೆದದ್ದು ಹೆಚ್ಚೆಂದರೆ ಹತ್ತು ಹನ್ನೆರಡು ವಾರ.

ಒಂದು ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಬೇಸಿಗೆಯ ಚಿತ್ರಗಳೂ ನನ್ನ ಬಳಿ ಇದ್ದವು, ನೆರೆಯ ಚಿತ್ರಗಳೂ ಇದ್ದವು. ಆದರೆ ನೆರೆಯ ಕುರಿತು ಚರ್ಚಾ ಕಾರ್ಯಕ್ರಮ ಸಿದ್ಧಪಡಿಸುವಾಗ ನಾನು ನೀರಿನ ಚಿತ್ರಗಳನ್ನಷ್ಟೇ ಜೋಡಿಸಿದೆ. ಬರ ಬೇರೆ ಕಾರ್ಯಕ್ರಮದ ವಿಷಯ ಎಂದುಕೊಂಡಿದ್ದೆ. ಪ್ರಸಾರವಾದ ಮೇಲೆ ಅಥಣಿ ಕಡೆಯ ಒಬ್ಬ ಶಿಕ್ಷಕರು ಫೋನು ಮಾಡಿ, "ಸರ್, ಅರ್ಧಾ ಕಥೀನ ಹೇಳೀರಲ್ರಿ" ಎಂದರು. ಉಳಿದ ಅರ್ಧವನ್ನು ಹೇಳುವ ಪ್ರಯತ್ನವೇ ಈ ಲೇಖನ.

ಮೊದಲು ಸ್ವಲ್ಪ ವಿಜ್ಞಾನ. ನಾನು ಓದಿದ್ದು ಭೌತಶಾಸ್ತ್ರ, ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಕ್ಲಾಸಿಯಸ್ ಮತ್ತು ಕ್ಲಾಪೆರಾನ್ ಎಂಬ ಇಬ್ಬರು ವಿಜ್ಞಾನಿಗಳ ಹೆಸರಿನಲ್ಲಿ ನೀವು ಪಿಯುಸಿಯ ನಂತರ ಕಲಿಯುವ ಸಮೀಕರಣ ಇದೇ. ಇದರ ಪರಿಣಾಮ ಎರಡು ದಿಕ್ಕಿನದು. ಮಳೆ ಇಲ್ಲದ ದಿನಗಳಲ್ಲಿ ಕಾದ ಗಾಳಿ ಮಣ್ಣಿನಿಂದ, ಕೆರೆಯಿಂದ, ಎಲೆಯಿಂದ ಹೆಚ್ಚು ನೀರನ್ನು ಹೀರುತ್ತದೆ. ಮೋಡ ಕಟ್ಟಿದಾಗ ಹಾಗೆ ಹೊತ್ತುಕೊಂಡದ್ದನ್ನೆಲ್ಲ ಕಡಿಮೆ ಅವಧಿಯಲ್ಲಿ ಸುರಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯಭಾರತದ ಪಟ್ಟಿಯಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿವೆ. ಬತ್ತಿದ ಮೇ ತಿಂಗಳು, ಉಕ್ಕಿದ ಆಗಸ್ಟ್ ತಿಂಗಳು ಎರಡನ್ನೂ ಒಂದೇ ಸೂತ್ರ ಹೇಳುತ್ತದೆ. ಅದನ್ನು ಎರಡು ಕಾರ್ಯಕ್ರಮಗಳಾಗಿ ಒಡೆದವನು ನಾನು.

ಈಗ ನಕ್ಷೆಯನ್ನು ತೆರೆಯಿರಿ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅಥಣಿಯ ಮಡ್ಡಿ ನೆಲಕ್ಕೆ ಸಿಗುವುದು ಸುಮಾರು ಐನೂರು ಆರುನೂರು. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡು, ರಾಜಾಪುರ ಬಾಂದಾರ ದಾಟಿ ಕೃಷ್ಣೆ ಕರ್ನಾಟಕಕ್ಕೆ ಬರುತ್ತಾಳೆ. ನಿಪ್ಪಾಣಿಯ ಕಡೆಯಿಂದ ವೇದಗಂಗೆಯನ್ನು ಸೇರಿಸಿಕೊಂಡ ದೂಧಗಂಗೆ ಕಲ್ಲೋಳದ ಹತ್ತಿರ ಸೇರುತ್ತಾಳೆ. ಅಲ್ಲಿಂದ ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ಅಂಚು ಹಿಡಿದು ಹಿಪ್ಪರಗಿಯ ಕಡೆಗೆ. ಅಂದರೆ ಈ ಐದು ತಾಲೂಕುಗಳ ಹೊಳೆಯಲ್ಲಿ ಹರಿಯುವ ನೀರಿನ ಬಹುಪಾಲು ಇಲ್ಲಿ ಸುರಿದ ಮಳೆಯಲ್ಲ. ಬೇರೆ ರಾಜ್ಯದ ಗುಡ್ಡದಲ್ಲಿ ಬಿದ್ದ ಮಳೆ. ಮುಂದಿನ ಎಲ್ಲ ಕಥೆಗೂ ಇದೇ ಮೂಲ.

ಬರದ ಕಥೆ ಹಳೆಯದು. 1876ರ ಮುಂಗಾರು ಕೈಕೊಟ್ಟಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯ ಪೂರ್ವ ಭಾಗ, ವಿಜಾಪುರ, ಸೊಲ್ಲಾಪುರ ಎಲ್ಲವೂ ಮಹಾಕ್ಷಾಮಕ್ಕೆ ತುತ್ತಾದವು. ಶಾಂತಸಾಗರದ ನೀರು ಕಾಯುವ ಎಲ್ ನಿನೊ ವಿದ್ಯಮಾನ ಆ ವರ್ಷಗಳಲ್ಲಿ ಅತಿ ಪ್ರಬಲವಾಗಿತ್ತೆಂದು ಇಂದು ನಮಗೆ ಗೊತ್ತು. ಮಳೆ ನಿಲ್ಲಿಸಿದ್ದು ಸಾಗರ, ಸರಿ. ಆದರೆ ಬರಗಾಲದಲ್ಲಿಯೂ ದೇಶದಿಂದ ಧಾನ್ಯ ರಫ್ತಾಗುತ್ತಲೇ ಇತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಮೇಲೆ ಪುಡಿಗಾಸಿನ ಮಟ್ಟಕ್ಕೆ ಇಳಿಸಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಅಷ್ಟು ತಿಂದು ದಿನವಿಡೀ ಕಲ್ಲು ಒಡೆಯಬೇಕು. ದಖನಿನ ಕಾಮಗಾರಿಗಳಿಂದ ಸಾವಿರಾರು ಜನ ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. ಹಸಿದವರು ಹೂಡಿದ ಈ ಮುಷ್ಕರ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. 1872ರ ಜನಗಣತಿಗೆ ಹೋಲಿಸಿದರೆ 1881ರ ಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿದಿತ್ತು. ಆ ಕ್ಷಾಮದ ನಂತರವೇ 1880ರ ಕ್ಷಾಮ ಆಯೋಗ, ಕ್ಷಾಮ ಸಂಹಿತೆ ಬಂದವು. ಘಟಪ್ರಭೆಗೆ ಧೂಪದಾಳದಲ್ಲಿ ಕಟ್ಟಿದ ಒಡ್ಡು ಮತ್ತು ಗೋಕಾಕ ಕಾಲುವೆ ಆ ಶತಮಾನ ಮುಗಿಯುವುದರೊಳಗೆ ಸಿದ್ಧವಾದವು.

ರಾಯಬಾಗದ ಪ್ರದೇಶ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಅಲ್ಲಿನ ಅರಸರಾದ ಶಾಹೂ ಮಹಾರಾಜರು 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದ ಜಾತಿಗಳವರಿಗೆ ಮೀಸಲಿಟ್ಟದ್ದನ್ನು ನೀವು ಓದಿರುತ್ತೀರಿ. ಅದೇ ಅರಸರು ಕೆಲವೇ ವರ್ಷಗಳ ನಂತರ ರಾಧಾನಗರಿಯಲ್ಲಿ ಭೋಗಾವತಿ ನದಿಗೆ ಅಣೆಕಟ್ಟು ಆರಂಭಿಸಿದರು. ಭೋಗಾವತಿ ಪಂಚಗಂಗೆಗೆ, ಪಂಚಗಂಗೆ ಕೃಷ್ಣೆಗೆ. ಇಂದಿಗೂ ಮಳೆಗಾಲದಲ್ಲಿ ರಾಧಾನಗರಿಯ ಸ್ವಯಂಚಾಲಿತ ಬಾಗಿಲುಗಳು ತೆರೆದುಕೊಂಡವೆಂಬ ಸುದ್ದಿ ಬಂದರೆ ಚಿಕ್ಕೋಡಿಯ ನದಿ ತೀರದವರು ದನಗಳ ಹಗ್ಗ ಬಿಚ್ಚುತ್ತಾರೆ.

1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತ್ಯದ ಶೋಷಿತ ವರ್ಗಗಳ ಪರಿಷತ್ತು ನಡೆಯಿತು. ಅಧ್ಯಕ್ಷತೆ ವಹಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಮುಂದೆ ಎರಡೇ ವರ್ಷಕ್ಕೆ, 1927ರ ಮಾರ್ಚ್‌ನಲ್ಲಿ, ಅವರು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಊರಿನ ನೀರು ಯಾರದು ಎಂಬ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದವರು ನಮ್ಮ ಇತಿಹಾಸದಲ್ಲಿ ವಿರಳ. ಆ ಪ್ರಶ್ನೆ ಕೆರೆಯ ಮೆಟ್ಟಿಲಲ್ಲಿಯೇ ನಿಲ್ಲಲಿಲ್ಲ. ಕಾಲುವೆ, ಏತ ನೀರಾವರಿ, ಪರಿಹಾರದ ಚೆಕ್ಕು, ಎಲ್ಲ ಕಡೆ ಬಂದು ನಿಲ್ಲುತ್ತದೆ.

ನಿಪ್ಪಾಣಿಯ ಇನ್ನೊಂದು ಅಧ್ಯಾಯ ನಿಮ್ಮ ತಂದೆತಾಯಿಯರಿಗೆ ನೆನಪಿರಬಹುದು. ಆ ಊರು ಬೀಡಿ ತಂಬಾಕಿನ ದೊಡ್ಡ ಪೇಟೆ. 1981ರ ಮಾರ್ಚ್‌ನಲ್ಲಿ ತಂಬಾಕಿಗೆ ನ್ಯಾಯಬೆಲೆ ಬೇಕೆಂದು ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಶೇತಕರಿ ಸಂಘಟನೆಯ ಶರದ ಜೋಶಿ ಅದರ ಮುಂದಾಳು. ಮೂರು ವಾರಕ್ಕೂ ಹೆಚ್ಚು ಕಾಲ ನಡೆದ ಆ ಸತ್ಯಾಗ್ರಹ ಏಪ್ರಿಲ್ 6ರಂದು ಪೊಲೀಸರ ಗೋಲಿಬಾರಿನಲ್ಲಿ ಮುಗಿಯಿತು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಅದೇ ತಂಬಾಕನ್ನು ವಖಾರಗಳಲ್ಲಿ ಕುಟ್ಟಿ, ಜರಡಿ ಹಿಡಿಯುತ್ತಿದ್ದ ಹೆಣ್ಣುಮಕ್ಕಳ ಸಂಘಟನೆಯ ಬಗ್ಗೆ ಬೆಂಗಳೂರಿನ ಯುಗಾಂತರ ಎಂಬ ತಂಡ 1982ರಲ್ಲಿ "ತಂಬಾಕು ಚಾಕಿಲಾ ಊಬ ಆಲಿ" ಎಂಬ ಸಾಕ್ಷ್ಯಚಿತ್ರ ಮಾಡಿತು. ನಿರ್ದೇಶಕಿ ದೀಪಾ ಧನರಾಜ್, ಕ್ಯಾಮೆರಾ ನವರೋಜ್ ಕಾಂಟ್ರಾಕ್ಟರ್. ನಮ್ಮ ವೃತ್ತಿಗೆ ಬರುವವರು ನೋಡಲೇಬೇಕಾದ ಚಿತ್ರ. ಕಿಟಕಿಯಿಲ್ಲದ ಕೋಣೆಯ ಧೂಳು ಮತ್ತು ಸೆಖೆ ಏನೆಂದು ಅದರಲ್ಲಿ ತಿಳಿಯುತ್ತದೆ. ಬೇಸಿಗೆಯ ಉಷ್ಣತೆ ಒಂದೆರಡು ಡಿಗ್ರಿ ಏರುತ್ತದೆ ಎಂಬ ಮಾತಿಗೆ ಫ್ಯಾನಿನ ಕೆಳಗೆ ಕುಳಿತವರಿಗೆ ಒಂದು ಅರ್ಥ, ಆ ವಖಾರದ ಹೆಣ್ಣುಮಗಳಿಗೆ ಇನ್ನೊಂದು ಅರ್ಥ.

ತಂಬಾಕಿಗೂ ಹೊಳೆಗೂ ಏನು ಸಂಬಂಧ ಎಂದು ಕೇಳುತ್ತೀರಿ. ನನ್ನ ತಿಳಿವಳಿಕೆಯಲ್ಲಿ ಬಹಳ ಇದೆ. ತಂಬಾಕು ಮಳೆಯ ಮೇಲೆ ಬೆಳೆಯುವ ಬೆಳೆ. ಅದರ ಬೆಲೆ ವ್ಯಾಪಾರಿಯ ಕೈಯಲ್ಲಿ. ಕಬ್ಬಿಗೆ ಹಾಗಲ್ಲ. ಕಬ್ಬಿನ ಕನಿಷ್ಠ ದರವನ್ನು 1966ರ ಕಬ್ಬು ನಿಯಂತ್ರಣ ಆದೇಶದ ಅಡಿಯಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. ಉಗಾರದ ಸಕ್ಕರೆ ಕಾರ್ಖಾನೆ 1939ರಷ್ಟು ಹಿಂದೆಯೇ ಆರಂಭವಾದದ್ದು. ಈಗಂತೂ ಹೊಳೆಯ ಎರಡೂ ಬದಿಗೆ ಕಾರ್ಖಾನೆಗಳಿವೆ. ಬೆಲೆಯ ಭರವಸೆ ಇರುವ, ನಾಲ್ಕು ದಿನ ನೀರಲ್ಲಿ ನಿಂತರೂ ಪೂರ್ತಿ ಸಾಯದ ಬೆಳೆಯನ್ನು ರೈತ ಆರಿಸಿಕೊಂಡರೆ ಅವನನ್ನು ದೂರುವುದು ಹೇಗೆ? ಆದರೆ ಕಬ್ಬಿಗೆ ಒಂದು ಹಂಗಾಮಿಗೆ 1,500ರಿಂದ 2,500 ಮಿಲಿಮೀಟರಿನಷ್ಟು ನೀರು ಬೇಕು. ಅಥಣಿಯ ಮಳೆಯನ್ನು ಮೇಲೆ ಹೇಳಿದ್ದೇನೆ, ಉಳಿದ ಲೆಕ್ಕ ನೀವೇ ಮಾಡಿ. ಅತಿ ನೀರುಣಿಸಿದ ಎರೆಭೂಮಿ ಸವಳು-ಜವಳಾಗಿ, ಬಿಳಿ ಉಪ್ಪು ಮೇಲೆದ್ದು, ಏನೂ ಬೆಳೆಯದಂತಾಗಿರುವುದನ್ನು ಉಗಾರ, ಶೇಡಬಾಳದ ಕಡೆ ಕಣ್ಣಾರೆ ಕಾಣಬಹುದು. ಅದೇ ತಾಲೂಕುಗಳ ಪೂರ್ವದ ಮಡ್ಡಿಯಲ್ಲಿ ಬೇಸಿಗೆಗೆ ಟ್ಯಾಂಕರ್ ಕಾಯುವ ಹಳ್ಳಿಗಳಿವೆ.

ಇನ್ನು ರಾಜ್ಯಗಳ ಪಾಲು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟಿತು. ಕೃಷ್ಣಾ ಕಣಿವೆಯಲ್ಲಿ 2,060 ಟಿಎಂಸಿ ನೀರಿದೆ ಎಂದು ಲೆಕ್ಕ ಹಾಕಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಹಂಚಿತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಈ 2,060 ಎಂಬ ಅಂಕಿ ಎಲ್ಲಿಂದ ಬಂತು? 1894ರಿಂದ 1972ರವರೆಗಿನ 78 ವರ್ಷಗಳ ಹರಿವಿನ ದಾಖಲೆಯಿಂದ. ನೂರರಲ್ಲಿ 75 ವರ್ಷ ಖಚಿತವಾಗಿ ಸಿಗುವಷ್ಟು ನೀರನ್ನು ಹಂಚಿಕೆಗೆ ತೆಗೆದುಕೊಂಡರು. ಎರಡನೆಯ ನ್ಯಾಯಮಂಡಳಿ, ಬ್ರಿಜೇಶ್ ಕುಮಾರ್ ಅವರದು, 2010ರಲ್ಲಿ ತೀರ್ಪು ಕೊಟ್ಟಾಗ 1961ರಿಂದ 2008ರವರೆಗಿನ 47 ವರ್ಷಗಳ ದಾಖಲೆ ಹಿಡಿಯಿತು. ಎರಡೂ ಲೆಕ್ಕಗಳ ಹಿಂದೆ ಒಂದು ನಂಬಿಕೆ ಇದೆ: ಮುಂದೆ ಬರುವ ಮಳೆ ಹಿಂದೆ ಬಂದ ಮಳೆಯಂತೆಯೇ ಇರುತ್ತದೆ ಎಂದು. ಕೋಲ್ ಅವರ ಅಧ್ಯಯನ ಅಲುಗಾಡಿಸುವುದು ಇದನ್ನೇ. ವರ್ಷದ ಮೊತ್ತ ಹೆಚ್ಚು ಬದಲಾಗದೆ ಇರಬಹುದು, ಆದರೆ ಅದು ನೂರು ದಿನದ ಬದಲು ಹದಿನೈದು ದಿನದಲ್ಲಿ ಸುರಿದರೆ ಅಂಕಿಯ ಪ್ರಕಾರ ಪಾಲು ಸಿಕ್ಕಿದಂತೆ, ಹೊಲದ ಪ್ರಕಾರ ಸಿಗದಂತೆ.

ಕೊಯ್ನಾ ಅಣೆಕಟ್ಟಿನಲ್ಲಿ ಸುಮಾರು 105 ಟಿಎಂಸಿ ನೀರು ನಿಲ್ಲುತ್ತದೆ. ಅದರಲ್ಲಿ ವರ್ಷಕ್ಕೆ 67.5 ಟಿಎಂಸಿಯನ್ನು ಘಟ್ಟದ ಸುರಂಗಗಳ ಮೂಲಕ ಪಶ್ಚಿಮಕ್ಕೆ ಇಳಿಸಿ ವಿದ್ಯುತ್ ತೆಗೆಯಲು ಬಚಾವತ್ ತೀರ್ಪು ಅವಕಾಶ ಕೊಟ್ಟಿದೆ. ಆ ನೀರು ವಾಶಿಷ್ಠಿ ನದಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಕರ್ನಾಟಕ ಸರ್ಕಾರ ಕೊಯ್ನೆಯಿಂದ ಎರಡು ಮೂರು ಟಿಎಂಸಿ ಬಿಡಿರೆಂದು ಪತ್ರ ಬರೆಯುವುದು ರೂಢಿ. 2019ರ ಬೇಸಿಗೆಯಲ್ಲಿ ಮಹಾರಾಷ್ಟ್ರ, ನೀರಿಗೆ ಬದಲು ನೀರು ಕೊಡಿ ಎಂದಿತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಒಣ ಹಳ್ಳಿಗಳಿಗೆ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನೀರು ಹರಿಸಬೇಕು ಎಂಬುದು ಬೇಡಿಕೆ. ಜತ್ತದ ಆ ಹಳ್ಳಿಗಳಲ್ಲಿ ಕನ್ನಡ ಮಾತಾಡುವವರೇ ಹೆಚ್ಚು. ಪತ್ರಗಳು ಓಡಾಡಿದವು, ಬೇಸಿಗೆ ಮುಗಿಯಿತು, ನೆರೆ ಬಂತು.

ಗಡಿಯ ವಿಷಯ ನಿಮಗೆ ತಿಳಿದದ್ದೇ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿಯಂಥ ಕೆಲವು ಭಾಗ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ ಎಂದಿತು. ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಕೊನೆಯಲ್ಲಿ ಗಡಿಯ ಎರಡೂ ಬದಿ ಮಾತು ಬಿಸಿಯಾಗಿ, ಬಸ್ಸುಗಳಿಗೆ ಮಸಿ ಬಳಿದ ದಿನಗಳಲ್ಲೇ ತುಬಚಿ ಯೋಜನೆಯ ನೀರು ಜತ್ತದ ತಿಕ್ಕುಂಡಿ ಕಡೆಯ ಹಳ್ಳಿಗೆ ಹರಿಯಿತು. ಅದನ್ನು ರಾಜಕೀಯ ಎಂದವರೂ ಇದ್ದರು. ಇರಬಹುದು. ಬರಡು ಕೆರೆಗೆ ನೀರು ಬಂದದ್ದಂತೂ ಸುಳ್ಳಲ್ಲ.

ನೆರೆಯ ಜಗಳ ಇದಕ್ಕಿಂತ ತೊಡಕಿನದು. 2005ರಲ್ಲಿ, 2019ರಲ್ಲಿ, ಮತ್ತೆ 2021ರ ಜುಲೈನಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗಲೆಲ್ಲ ಆಲಮಟ್ಟಿಯ ಹಿನ್ನೀರೇ ಕಾರಣ ಎಂಬ ಆರೋಪ ಬಂತು. 2019ರಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರಿನ ಮಟ್ಟ 57 ಅಡಿ ದಾಟಿತ್ತು. ಅಪಾಯದ ಗೆರೆ 45 ಅಡಿ. ಒಂದು ಲೆಕ್ಕ ಮಾಡೋಣ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಲಕ್ಷ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 8.64 ಟಿಎಂಸಿ. ಆ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಕಿಗೂ ಹೆಚ್ಚು ನೀರನ್ನು ಹೊರಬಿಡಲಾಯಿತು, ಅಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯ ಇಡೀ ಸಾಮರ್ಥ್ಯ 123 ಟಿಎಂಸಿ. ಖಾಲಿ ಇದ್ದರೂ ಮೂರು ದಿನಕ್ಕೆ ತುಂಬಿಬಿಡುತ್ತಿತ್ತು. ಇಂಥ ಪ್ರವಾಹಕ್ಕೆ ಒಂದು ಅಣೆಕಟ್ಟು ಕಾರಣವಾಗುವುದೂ ಕಷ್ಟ, ಪರಿಹಾರವಾಗುವುದೂ ಕಷ್ಟ. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡನೇರೆ ಸಮಿತಿ 2020ರ ವರದಿಯಲ್ಲಿ, ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಆದರೂ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕರ್ನಾಟಕದ ಯೋಜನೆಗೆ 2025ರಲ್ಲಿ ಮಹಾರಾಷ್ಟ್ರ ಮತ್ತೆ ಆಕ್ಷೇಪ ಎತ್ತಿತು. ಭಯದಲ್ಲಿ ಬದುಕಿದ ಊರಿಗೆ ವರದಿಯ ಒಂದು ವಾಕ್ಯ ಸಾಲುವುದಿಲ್ಲ ಎಂದು ನನಗೂ ಅರ್ಥವಾಗುತ್ತದೆ. ಒಂದನ್ನು ಮಾತ್ರ ನಕ್ಷೆಯಲ್ಲಿ ಗಮನಿಸಿ: ಸಾಂಗ್ಲಿಗೂ ಆಲಮಟ್ಟಿಗೂ ನಡುವೆ ಇರುವವರು ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿಯವರು. ಮೇಲಿನವರು ಬಿಟ್ಟರೂ, ಕೆಳಗಿನವರು ತಡೆದರೂ ಮೊದಲು ಒದ್ದೆಯಾಗುವುದು ಇವರ ಅಂಗಳ. ವಾದದಲ್ಲಿ ಇವರ ಹೆಸರು ಮಾತ್ರ ಅಪರೂಪ.

ಆ ಅಂಗಳಗಳೂ ಸಮನಾಗಿ ಒದ್ದೆಯಾಗುವುದಿಲ್ಲ. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಸರ್ಕಾರ ಘೋಷಿಸಿತು. ಒಳ್ಳೆಯ ಮೊತ್ತವೇ. ಅದನ್ನು ಪಡೆಯಲು ಮನೆಯ ಉತಾರ ಬೇಕು, ಬೆಳೆಹಾನಿಗೆ ಹೊಲದ ಪಹಣಿ ಬೇಕು. ಪಾಲಿಗೆ ಮಾಡುವವನಿಗೆ, ಬಾಡಿಗೆ ಗುಡಿಸಲಿನವನಿಗೆ, ಗಾಯರಾಣದಲ್ಲಿ ಮನೆ ಕಟ್ಟಿಕೊಂಡವನಿಗೆ ಯಾವ ಕಾಗದ? ಅಥಣಿ, ಮದಭಾವಿ, ನಿಪ್ಪಾಣಿಯ ಕಡೆ ಚಪ್ಪಲಿ ಹೊಲಿಯುವ ಕುಟುಂಬಗಳಿವೆ. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಎರಡೂ ರಾಜ್ಯಗಳಿಗೆ ಜಂಟಿಯಾಗಿ ಸೇರಿದ್ದು. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಒಂದೇ ದಾಖಲೆಯಲ್ಲಿವೆ. ಬೆಳಗಾವಿಯೂ ಅದರಲ್ಲೊಂದು. ಈ ಕಸುಬಿಗೆ ತೊಗಲು ಬಿಸಿಲಿನಲ್ಲಿ ಒಣಗಬೇಕು. ಮಳೆ ಹಿಡಿದರೆ ಕೆಲಸ ನಿಂತಿತು; ಆ ನಷ್ಟಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ.

ಬೇರೆ ದಾರಿ ಹುಡುಕಿದವರೂ ಇದ್ದಾರೆ, ಅದೂ ದೂರದಲ್ಲಲ್ಲ. 1972ರ ಬರದ ನಂತರ ಪುಣೆ ಜಿಲ್ಲೆಯ ನಾಯಗಾಂವದಲ್ಲಿ ವಿಲಾಸರಾವ ಸಾಳುಂಕೆ ಆರಂಭಿಸಿದ ಪಾಣಿ ಪಂಚಾಯತಿಯಲ್ಲಿ ನೀರಿನ ಪಾಲು ಜಮೀನಿಗೆ ತಕ್ಕಂತೆ ಅಲ್ಲ, ಮನೆಯ ತಲೆ ಎಣಿಕೆಗೆ ತಕ್ಕಂತೆ. ಭೂಮಿ ಇಲ್ಲದವರಿಗೂ ಪಾಲು, ಕಬ್ಬಿಗೆ ನೀರಿಲ್ಲ. 1980ರ ದಶಕದಲ್ಲಿ ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲೂಕಿನ ಜನ, ಮುಕ್ತಿ ಸಂಘರ್ಷ ಚಳವಳಿಯ ಮೂಲಕ ಯೇರಳಾ ನದಿಗೆ ಬಳಿರಾಜಾ ಅಣೆಕಟ್ಟನ್ನು ತಾವೇ ಕಟ್ಟಿಕೊಂಡರು. ಅಲ್ಲಿಯೂ ನಿಯಮ ಅಂಥದೇ. ಅದೇ ತಾಲೂಕಿನಲ್ಲಿ ಹುಟ್ಟಿ ಅಥಣಿ ತಾಲೂಕಿಗೆ ಹರಿದುಬರುವ ಅಗ್ರಣಿ ಹಳ್ಳವನ್ನು ಕಳೆದ ದಶಕದಲ್ಲಿ ಹೂಳೆತ್ತಿ, ಒಡ್ಡು ಹಾಕಿ ಮತ್ತೆ ಜೀವ ತುಂಬುವ ಕೆಲಸ ಮೇಲ್ಭಾಗದಲ್ಲಿ ನಡೆದಿದೆ. ಇವೆಲ್ಲ ಸಣ್ಣವು, ಒಪ್ಪುತ್ತೇನೆ. ಕೆಲವು ಮುಂದೆ ಸೊರಗಿಯೂ ಇವೆ. ಕಬ್ಬಿನ ದರದ ಎದುರು ನಿಯಮ ಹಿಡಿದು ನಿಲ್ಲುವುದು ಸುಲಭವಲ್ಲ.

2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಭೇಟಿಯಾದರು. ಮಳೆ, ಒಳಹರಿವು, ಹೊರಹರಿವಿನ ಮಾಹಿತಿಯನ್ನು ಆಗಿಂದಾಗ ಹಂಚಿಕೊಳ್ಳುವ ಮಾತಾಯಿತು. ಸುಮಾರು ಒಂದು ತಿಂಗಳಿಗೆ ಹೊಳೆ ಮತ್ತೆ ಉಕ್ಕಿತು. ಆ ಅಂಕಿಗಳು ಈಗಲೂ ಮಳೆಗಾಲದ ಪ್ರತಿ ಬೆಳಿಗ್ಗೆ ಜಿಲ್ಲಾಡಳಿತದಿಂದ ಹೊರಬರುತ್ತವೆ, ಸ್ಥಳೀಯ ಪತ್ರಿಕೆಗಳ ಮೂಲೆಯಲ್ಲಿ ಅಚ್ಚಾಗುತ್ತವೆ. ರಾಜಾಪುರ ಬಾಂದಾರದಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕೂಡಿದರೆ ಕಲ್ಲೋಳದ ಬಳಿ ಇಷ್ಟು. ಮುಂದಿನ ಜುಲೈನಲ್ಲಿ ನಿಮ್ಮ ಶಾಲೆಯ ಕಪ್ಪುಹಲಗೆಯ ಒಂದು ಬದಿಗೆ ದಿನವೂ ಆ ಮೂರು ಅಂಕಿ ಬರೆಯಿರಿ. ನಾಲ್ಕನೆಯ ಕಾಲಂನಲ್ಲಿ ಕೊಯ್ನೆಯಿಂದ ಬಿಟ್ಟ ನೀರು. ಕೊಯ್ನೆಯಲ್ಲಿ ಬಿಟ್ಟದ್ದು ನಿಮ್ಮೂರಿಗೆ ಎಷ್ಟು ತಾಸಿಗೆ ಬಂತು ಎಂಬುದನ್ನು ನದಿದಂಡೆಯ ಹಿರಿಯರನ್ನು ಕೇಳಿ, ಐದನೆಯದರಲ್ಲಿ ಬರೆದುಕೊಳ್ಳಿ. ಊರಿನ ತಗ್ಗಿನ ಓಣಿಯವರಿಗೆ ಆ ಸುದ್ದಿ ಎಷ್ಟು ತಾಸಿಗೆ ಮುಟ್ಟಿತು ಎನ್ನುವುದಕ್ಕೆ ಆರನೆಯ ಕಾಲಂ ಖಾಲಿ ಬಿಡಿ. ಮೇ ತಿಂಗಳಲ್ಲಿ ಅದೇ ಹಲಗೆಯ ಮೇಲೆ, ಟ್ಯಾಂಕರ್ ಯಾವ ಓಣಿಗೆ ಯಾವ ದಿನ ಬಂತು ಎಂದು ಬರೆಯಬಹುದು. ಎರಡೂ ಪಟ್ಟಿಗಳನ್ನು ನಮ್ಮ ಕೇಂದ್ರದ ವಿಳಾಸಕ್ಕೆ ಕಳಿಸಿದರೆ ಈ ಸಲ ಒಂದೇ ಕಾರ್ಯಕ್ರಮದಲ್ಲಿ ಜೋಡಿಸುತ್ತೇನೆ.